ಹಗ್ಗ ಬಿಟ್ಟವನು

ಗೋಡೆಯ ಮುಕ್ಕಾಲು ಎತ್ತರದಲ್ಲಿ ಅವಳ ಬಲಭುಜ ಜಾರಿತು.

ಮೇಲಿನ ಹಿಡಿಗೆ ಕೈ ಚಾಚಿದ್ದಳು, ಅಷ್ಟೇ. ಒಳಗೆ ಏನೋ ಕಳಚಿಕೊಂಡಂತಾಗಿ ಕಣ್ಣು ಕತ್ತಲೆಗಟ್ಟಿತು. ಮರುಕ್ಷಣ ಹಗ್ಗಕ್ಕೆ ನೇತಾಡುತ್ತಿದ್ದಳು... ತೋಳು ತನ್ನದೇ ಅಲ್ಲವೆಂಬಂತೆ ಜೋತುಬಿದ್ದಿತ್ತು.

ಕೈ ತಪ್ಪಿದರೂ ಬೀಳದಂತೆ ಕೆಳಗೆ ಅವಳ ಹಗ್ಗ ಹಿಡಿದಿದ್ದವನು ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ. ಆ ಕ್ಲೈಂಬಿಂಗ್ ಜಿಮ್ಮಿನ ಗೋಡೆಗೆ ಬಣ್ಣದ ಹಿಡಿಗಳನ್ನು ಕೂರಿಸಿ ಹೊಸ ಹೊಸ ದಾರಿ ಮಾಡುವುದು ಅವನ ಕೆಲಸ. ಜೇಬಿನಲ್ಲಿ ಸದಾ ಸ್ಪ್ಯಾನರ್ ಇರುತ್ತಿದ್ದುದರಿಂದ ಎಲ್ಲರಿಗೂ ಅವನು ‘ಸ್ಪ್ಯಾನರ್’. ಹೊತ್ತುಗೊತ್ತಿಲ್ಲದೆ ಗೋಡೆಗೆ ಅಂಟಿಕೊಂಡಿರುತ್ತಿದ್ದ ಅವಳು ಎಲ್ಲರಿಗೂ ‘ಹಲ್ಲಿ’. ಇಬ್ಬರೂ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

ಅವನು ಒಂದಿಷ್ಟೂ ಕುಲುಕದಂತೆ ಅವಳನ್ನು ಇಳಿಸಿದ. ತೋಳು ಮುಟ್ಟಲು ಹೋಗಲಿಲ್ಲ. ತನ್ನ ಜಾಕೆಟ್ ಮಡಿಸಿ ಮೊಣಕೈ ಕೆಳಗೆ ಆಸರೆಯಿಟ್ಟ. ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು.

“ಅಳು ಬಂದ್ರೆ ಅತ್ತುಬಿಡಿ. ನಾನು ಆ ಕಡೆ ತಿರುಗಿ ಕೂತಿರ್ತೀನಿ,” ಅಂದ.

ನಿಜಕ್ಕೂ ತಿರುಗಿ ಕೂತ. ಆಂಬುಲೆನ್ಸ್ ಬರುವವರೆಗೂ ಅವಳು ಅತ್ತಳು. ಆ ನೋವಿನ ನಡುವೆಯೂ ಮನಸ್ಸು ಕೇಳಿತು... ಯಾರಿವನು?

ಭುಜ ಜಾರಿದ್ದು ಅದು ಮೂರನೇ ಸಲ.

ಸ್ಕ್ಯಾನ್ ನೋಡಿದ ಮೂಳೆ ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ಪ್ರತಿ ಸಲ ಜಾರಿದಾಗಲೂ ಕೀಲಿನ ಅಂಚು ಇನ್ನಷ್ಟು ಸವೆಯುತ್ತಿದೆ ಎಂದರು. ವ್ಯಾಯಾಮದಿಂದ ಸ್ನಾಯು ಬಲಪಡಿಸಿ, ಕೈ ಮೇಲೆತ್ತಿ ಹಿಂದಕ್ಕೆ ಚಾಚುವುದನ್ನು ಬಿಟ್ಟರೆ ಜಾರುವುದು ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಆಪರೇಷನ್ ಮಾಡಿದರೆ ಅರ್ಧ ವರ್ಷ ಗೋಡೆಯ ಮಾತೇ ಇಲ್ಲ. ಆಮೇಲೂ ಮೊದಲಿನ ಕೈ ಸಿಗುತ್ತದೆಂಬ ಖಾತ್ರಿ ಕೊಡಲಾರೆ, ತೀರ್ಮಾನ ನಿಮ್ಮದೇ ಎಂದರು.

ರಾಜ್ಯದ ಕ್ಲೈಂಬಿಂಗ್ ತಂಡದ ಆಯ್ಕೆ ಸ್ಪರ್ಧೆ ಹತ್ತಿರದಲ್ಲೇ ಇತ್ತು. ಅವಳು ರಬ್ಬರ್ ಪಟ್ಟಿ ಎಳೆದೆಳೆದು ವ್ಯಾಯಾಮ ಮಾಡಿದಳು. ಕೆಲವು ವಾರ ಕಳೆದ ಮೇಲೆ ಮತ್ತೆ ಗೋಡೆ ಹತ್ತಿದಳು.

ಹಗ್ಗ ಹಿಡಿಯುತ್ತಿದ್ದವನು ಅವನೇ. ಸಂಜೆ ಅವಳ ಬ್ಯಾಗ್ ಹೊತ್ತು ಬಸ್ ಸ್ಟಾಪಿನವರೆಗೆ ಬರುತ್ತಿದ್ದವನೂ ಅವನೇ. ಬಸ್ಸು ಬಂದರೂ ಮಾತು ಮುಗಿಯುತ್ತಿರಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತು ಎನ್ನುತ್ತಿದ್ದವಳು ಮಾತ್ರ ಅವಳು!

ಒಂದು ದಿನ ಗೋಡೆಯ ಮೇಲೆ ಭುಜ ಅರೆಬರೆ ಜಾರಿ ತಾನಾಗಿಯೇ ಕೂತಿತು. ಅವಳು ನಕ್ಕು, ಕೈಗೆ ಬೆವರು ಬಂತೆಂದು ಸುಳ್ಳು ಹೇಳಿ ಇಳಿದಳು. ಅವನು ನಗಲಿಲ್ಲ.

ಮರುದಿನ ಸ್ಟೋರ್ ರೂಮಿನ ಬಾಗಿಲಲ್ಲಿ ಅವನ ದನಿ ಕೇಳಿಸಿತು. ಕೋಚ್ ಜೊತೆ ಮಾತಾಡುತ್ತಿದ್ದ.

“ಇನ್ಮೇಲೆ ಅವರ ಹಗ್ಗ ನಾನು ಹಿಡಿಯಲ್ಲ ಸರ್. ಬೇರೆ ಯಾರಿಗಾದ್ರೂ ಹೇಳಿ.”

ಅವಳು ಬಂದ ಹೆಜ್ಜೆಯಲ್ಲೇ ಹಿಂದಿರುಗಿದಳು. ‘ಏನಾದ್ರೂ ಆದರೆ ತನ್ನ ತಲೆಗೆ ಬರುತ್ತೆ ಅಂತಲಾ? ಇಲ್ಲಾ, ಕೆಟ್ಟುಹೋದ ಸಾಮಾನು ಅಂತ ಕೈಬಿಟ್ಟನಾ...?’ ಅಂದಿನಿಂದ ಅವನು ಎದುರು ಬಂದರೆ ಮುಖ ತಿರುಗಿಸಿದಳು. ಅವನು ಎರಡು ಸಲ ಮಾತಾಡಿಸಲು ನೋಡಿ ಸುಮ್ಮನಾದ.

ಭುಜ ಎಲ್ಲಿ ಜಾರೀತೋ ಎಂದು ರಾತ್ರಿ ಮಗ್ಗುಲು ಬದಲಿಸಲೂ ಭಯ, ಬಟ್ಟೆ ಹಾಕಿಕೊಳ್ಳಲೂ ಭಯ. ಆದರೂ ಸ್ಪರ್ಧೆ ಮುಗಿಯಲಿ, ಆಮೇಲೆ ನೋಡೋಣ ಎಂದು ದಿನ ತಳ್ಳಿದಳು. ಹಾಗಿರುವಾಗ ಒಂದು ಬೆಳಿಗ್ಗೆ, ಅಕ್ಕನ ಅಡುಗೆಮನೆಯಲ್ಲಿ ಶೆಲ್ಫಿನ ಮೇಲಿದ್ದ ಸಕ್ಕರೆ ಡಬ್ಬಿಗೆ ಕೈ ಚಾಚಿದಳು...

ಡಬ್ಬಿ ನೆಲಕ್ಕೆ ಬಿತ್ತು. ಅಕ್ಕ ಓಡಿಬಂದಾಗ ಅವಳು ತೋಳನ್ನು ಎದೆಗವಚಿಕೊಂಡು ಸಕ್ಕರೆಯ ನಡುವೆ ಕೂತಿದ್ದಳು. ಅಕ್ಕ ಬೈಯಲಿಲ್ಲ. ಪಕ್ಕದಲ್ಲೇ ಕೂತಳು.

“ಸ್ಪರ್ಧೆ ಹಾಳಾಗ್ಲಿ. ಒಂದು ಡಬ್ಬಿ ಇಳಿಸೋಕಾಗ್ತಿಲ್ಲ ನಿಂಗೆ. ಇನ್ನೂ ಎಷ್ಟು ದಿನ ಹೀಗೆ ಹೆದರ್ಕೊಂಡು ಬದುಕ್ತೀಯ?”

ಅವಳು ಅದೇ ದಿನ ಡಾಕ್ಟರಿಗೆ ಆಪರೇಷನ್‌ಗೆ ಒಪ್ಪಿದೆ ಎಂದಳು. ಆಯ್ಕೆಗೆ ಬರುವುದಿಲ್ಲವೆಂದು ಕೋಚ್‌ಗೆ ತಿಳಿಸಿದಳು. ಜಿಮ್ಮಿನಿಂದ ಬೀದಿಗೆ ಬಂದ ಮೇಲಷ್ಟೇ ಅತ್ತಳು.

ಆಪರೇಷನ್ ದಿನ ಬೆಳಿಗ್ಗೆ ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ಕೋಚ್ ಹೇಳಿದರು, ತಡೆಯಲಾಗಲಿಲ್ಲ, ಬಂದೆ ಎಂದ.

“ನನ್ನ ಹಗ್ಗ ಬಿಟ್ರಲ್ಲ... ಯಾಕೆ?” ಅವಳು ನೇರವಾಗಿ ಕೇಳಿದಳು.

ಅವನು ತನ್ನ ಅಂಗೈ ನೋಡಿಕೊಂಡ.

“ಮೊದಲ ದಿನ ನೀವು ಯಾರೋ. ಕೈ ಗಟ್ಟಿಯಾಗಿತ್ತು. ಆಮೇಲೆ ನೀವು ಮೇಲೆ ಹತ್ತಿದ್ರೆ ಸಾಕು, ನಡುಗೋದು. ನಡುಗೋ ಕೈಗೆ ನಿಮ್ಮನ್ನ ಹೇಗೆ ಬಿಡ್ಲಿ?”

“ನಂಗೇ ಹೇಳಬಹುದಿತ್ತಲ್ಲ?”

“ತೀರ್ಮಾನ ನಿಮ್ಮದು. ನನ್ನ ಭಯ ಅದಕ್ಕೆ ಅಡ್ಡ ಬರೋದು ಬೇಡ ಅನ್ನಿಸ್ತು.”

ಅವಳ ಕಣ್ಣು ತುಂಬಿತು. ಇಷ್ಟು ದಿನ ಏನೇನೋ ಅಂದುಕೊಂಡೆನಲ್ಲ...

“ಆಗ ಯಾರೋ. ಈಗ...?”

“ಈಗ ನಾನು ಇಷ್ಟಪಟ್ಟಿರೋಳು.”

ಅವಳು ಎಡಗೈ ಚಾಚಿದಳು. ಅವನು ಹಿಡಿದುಕೊಂಡ. ಅವನ ಬೆರಳು ನಿಜಕ್ಕೂ ನಡುಗುತ್ತಿತ್ತು.

“ನಂಗೂ ಇಷ್ಟ. ಆದ್ರೆ ಇನ್ನು ಹತ್ತೋಕೇ ಆಗ್ದಿದ್ರೆ?”

“ಗೊತ್ತಿಲ್ಲ. ಆಗ್ದಿದ್ರೂ ಬಸ್ ಸ್ಟಾಪಿಗೆ ಬರ್ತೀನಿ.”

“ಭಯ ಆಗ್ತಿದೆ ಕಣೋ.”

“ನಂಗೂ.”

“ಮತ್ತೆ ಧೈರ್ಯ ಹೇಳೋರು ಯಾರು?”

“ನಿಮ್ಮಕ್ಕ ಈಗ ಬರ್ತಾರೆ. ಅಲ್ಲೀವರೆಗೆ ಇಬ್ರೂ ಹೆದರ್ತಾ ಇರೋಣ,” ಅಂದ. ಅವಳು ನಕ್ಕಳು, ಕೈ ಬಿಡಲಿಲ್ಲ.