ಕೆನ್ನೆಯಿದ್ದ ಅಕ್ಷರಗಳು

ಸೋಮವಾರ ಬೆಳಗ್ಗೆ 8.40ಕ್ಕೆ ಗಬ್ಬೂರಿನ ಹನುಮಂತ್ರಾಯ ದೇವದುರ್ಗ ಠಾಣೆಗೆ ಬಂದರು. ಮಲ್ಲಟದಲ್ಲಿದ್ದ ಅವರ ಐದು ವರ್ಷದ ಮೊಮ್ಮಗಳು ದೇವಿಕಾ ಜ್ವರದಿಂದ ತೀರಿಕೊಂಡಿದ್ದಳು. ದೇವದುರ್ಗ, ಗಬ್ಬೂರು, ಮಲ್ಲಟಗಳಲ್ಲಿ ಕಟ್ಟಿಸಿದ್ದ ಶ್ರದ್ಧಾಂಜಲಿ ಬ್ಯಾನರುಗಳನ್ನು ಯಾರೋ ಕುಯ್ದಿದ್ದರು.

"ಯಾರ ಮ್ಯಾಲ ಅನುಮಾನ ಅದ?" ಇನ್‌ಸ್ಪೆಕ್ಟರ್ ಶೈಲಶ್ರೀ ಕೇಳಿದರು.

"ಸಣ್ಣ ಅಳಿಯ ಗುರುಸಿದ್ದನ ಮ್ಯಾಲ್ರೀ. ದುಃಖತಪ್ತರ ಸಾಲಿನಾಗ ಅವನ ಫೋಟೊ ಹಾಕಿಸಿಲ್ಲ. ಸಂಜಿ ಒಳಗ ನೀವು ಹಿಡೀಲಿಲ್ಲಂದ್ರ ನನ್ನ ಮಕ್ಕಳು ಅವನ್ನ ಬಿಡಾಂಗಿಲ್ಲ."

ಎಫ್‌ಐಆರ್ ದಾಖಲಾಯಿತು. ಗುರುಸಿದ್ದನನ್ನು ಕರೆತಂದು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. 10.15ಕ್ಕೆ ಬಸ್ ನಿಲ್ದಾಣದ ಬಳಿ ಪಂಚನಾಮೆ ನಡೆಯಿತು. ಮಗುವಿನ ಮುಖ, ನೆಂಟರ ಮುಖಗಳು ಎಲ್ಲವೂ ಸರಿಯಾಗಿದ್ದವು. ಅಕ್ಷರಗಳನ್ನು ಮಾತ್ರ ಬ್ಲೇಡಿನಿಂದ ಅಂಚು ಹಿಡಿದು ತೆಗೆಯಲಾಗಿತ್ತು.

"ಸಿಟ್ಟಿದ್ದಾಂವ ಮುಖ ಕುಯ್ತಾನ್ರೀ ಮೇಡಂ. ಇಲ್ಲಾ ಮೀಸಿ ಬರೀತಾನ," ಎಂದ ಕಾನ್‌ಸ್ಟೇಬಲ್ ತಾಯಣ್ಣ. "ಅಕ್ಷರ ಯಾಂವ ಕದೀತಾನ? ಸಾಲಿ ಬಿಟ್ಟಾಂವೇನು?"

ಬ್ಯಾನರ್ ಮುದ್ರಿಸಿದ್ದು ಸುಭಾಷನ ಅಂಗಡಿ. ಅವನು ಕಂಪ್ಯೂಟರಿನಲ್ಲಿ ಮೂಲವನ್ನು ತೋರಿಸಿದ. ಅಕ್ಷರಗಳಿಗೆ ಉಬ್ಬಿದ ಕೆನ್ನೆ, ಕುಣಿಯುವ ಕಾಲು. ಒತ್ತಕ್ಷರಗಳು ಕಂಕುಳಿನ ಕೂಸಿನಂತೆ ಜೋತುಬಿದ್ದಿದ್ದವು.

"ಸತ್ತ ಮನಿಗೆ ಇಂಥ ಅಕ್ಷರನ?" ಶೈಲಶ್ರೀ ಕೇಳಿದರು.

"ಕೂಸಿನ ಬ್ಯಾನರಲ್ರೀ, ಮುದ್ದಾಗಿರಲಿ ಅಂತ. ಐಸ್‌ಕ್ರೀಂ, ತೊಟ್ಲಾ, ಹುಟ್ಟಿದಹಬ್ಬ, ಎಲ್ಲದಕ್ಕೂ ಇದ ನಡೀತದ."

"ಬರದವ್ರು ಯಾರು?"

ಸುಭಾಷ ಮೌಸ್ ಕಡೆ ನೋಡಿದ. "ಕಂಪ್ಯೂಟರಿನ್ಯಾಗ ಇತ್ರೀ."

"ಕಂಪ್ಯೂಟರ್ ಜಪ್ತಿ ಮಾಡ್ಲೇನು?"

"ಬ್ಯಾಡ್ರೀ ಯವ್ವಾ! ಮಲ್ಲಟದ ಅಂಗನವಾಡಿ ಗ್ವಾಡಿ ಮ್ಯಾಲಿದ್ವು. ಫೋಟೊ ಹೊಡಕೊಂಡು ಬಂದು ಕಂಪ್ಯೂಟರಿಗೆ ಅಕ್ಷರ ಮಾಡಿಸೀನಿ. ಯಾರನ್ನೂ ಕೇಳಿಲ್ಲ."

ಮಧ್ಯಾಹ್ನ 3.20ಕ್ಕೆ ಜೀಪು ಮಲ್ಲಟ ತಲುಪಿತು. ಗೋಡೆಯ ತುಂಬ ಅವೇ ಅಕ್ಷರಗಳು. ಬರೆದವಳು ಅಲ್ಲಿನ ಸಹಾಯಕಿ ಕಲ್ಯಾಣಿ. ಅವಳು ನೆಲ ನೋಡುತ್ತ ನಿಂತಿದ್ದಳು.

"ಬ್ಲೇಡ್ ಎಲ್ಲಿ?"

ಅವಳು ಒಳಗೆ ಹೋಗಿ ಒಂದು ಡಬ್ಬಿ ತಂದಿಟ್ಟಳು. ಅದರಲ್ಲಿ ಬ್ಲೇಡಿತ್ತು, ಕುಯ್ದ ಅಕ್ಷರಗಳಿದ್ದವು.

"ದೇವದುರ್ಗಕ್ಕ ಹೆಂಗ ಹೋದಿ?"

"ನಿನ್ನಿ ಐತವಾರ ಮೊದಲ್ನೇ ಬಸ್ಸಿಗ್ರೀ. ಗಬ್ಬೂರಿಗೂ ಹೋಗಿ ಬಂದೆ."

ಡಬ್ಬಿಯನ್ನು ವಶಕ್ಕೆ ಪಡೆದರು. 4.10ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮ ಕಲ್ಯಾಣಿಯನ್ನು ಬಂಧಿಸಲಾಯಿತು. ತಾಯಣ್ಣ ಠಾಣೆಗೆ ಫೋನ್ ಮಾಡಿ ಗುರುಸಿದ್ದನನ್ನು ಬಿಡಲು ಹೇಳಿದ. ಹನುಮಂತ್ರಾಯರ ಮಕ್ಕಳನ್ನೂ ಕರೆಸಿ ವಿಷಯ ತಿಳಿಸಲು ಸೂಚಿಸಿದ.

ಹೇಳಿಕೆ ಬರೆದುಕೊಳ್ಳುವಾಗ ಶೈಲಶ್ರೀ ಕೇಳಿದರು: "ಮಲ್ಲಟದ ಬ್ಯಾನರ್ ನಿನ್ನ ಕಣ್ಣೆದುರಿಗಿತ್ತು. ಉಳಿದ ಎರಡು ಯಾಕ?"

"ಅವೂ ನಾ ಬರದ ಅಕ್ಷರನ ಅಲ್ಲೇನ್ರೀ."

ಅವಳೇ ಮುಂದುವರಿಸಿದಳು. "ಮಕ್ಕಳು ಅಕ್ಷರಕ್ಕ ಅಂಜತಿದ್ವು. ಅದಕ್ಕ ನಗೋಹಂಗ ಬರದೆ. ದೇವಿಕಾ ಬಾಳ ಅಂಜತಿದ್ಲು. ಆಮ್ಯಾಲ ದಿನಾ ಬಂದು ಗ್ವಾಡಿಗೆ ಮುತ್ತು ಕೊಡ್ತಿದ್ಲು. ಶನಿವಾರ ಆ ಬ್ಯಾನರ್ ಅಂಗನವಾಡಿ ಬಾಗಿಲ ಎದುರಿಗೆ ಕಟ್ಟಿದ್ರು. ಮಕ್ಕಳು ಅದನ್ನ ನೋಡಿ ಚಪ್ಪಾಳಿ ಹೊಡದ್ವು. ದೇವಿಕಾಂದು ಹುಟ್ಟಿದಹಬ್ಬ ಅಂದ್ಕೊಂಡಿದ್ವು."