ಮುರಗೆಪ್ಪಜ್ಜನ ಎಣಿಕೆ

"ಒಂದು ಅನ್ನಿ ಅಜ್ಜಾ. ಒಂದರಿಂದ ಹತ್ತರವರೆಗೆ ಎಣಿಸಿ, ನೋಡೋಣ."

ಮುರಗೆಪ್ಪಜ್ಜ ಕಷ್ಟಪಟ್ಟು ಬಾಯಿ ತೆರೆದ. "ಲಾ... ಲಾಭ," ಎಂದ.

ಅಕ್ಕೋರು ಕಾಗದದ ಮೇಲೆ ತಪ್ಪು ಗುರುತು ಹಾಕಿದರು.

ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗಳು ಕೆಂಚವ್ವನಿಗೆ ಚಡಪಡಿಕೆ ಶುರುವಾಯಿತು. ಅಜ್ಜ ಹೇಳಿದ್ದು ತಪ್ಪಲ್ಲ ಎಂದು ಅವಳಿಗೆ ಗೊತ್ತು. ಆದರೆ ಅವಳು ಬಾಯಿ ಬಿಡುವಂತಿರಲಿಲ್ಲ.

ಮೂರು ತಿಂಗಳ ಹಿಂದೆ ಅಜ್ಜನಿಗೆ ಲಕ್ವಾ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. "ಕೆಂಚೀ" ಎಂದು ಕೂಗುವವರಿಲ್ಲದೆ ಮನೆಯೇ ಬಿಕೋ ಎನ್ನುತ್ತಿತ್ತು. ಆಗ ಅವರ ಊರು ಐಗಳಿಗೆ ಹದಿನೈದು ದಿನದ ಕ್ಯಾಂಪ್ ಬಂತು. ಮಾತು ನಿಂತ ಮುದುಕರಿಗೆ ಮಾತು ಕಲಿಸುವ ಕೆಲಸವನ್ನು ಮೈಸೂರಿನಲ್ಲಿ ಕಲಿಯುತ್ತಿದ್ದ ಅಕ್ಕೋರು ದಿನಾ ಮನೆಗೆ ಬರತೊಡಗಿದರು.

ಮೊದಲ ದಿನ ಅವರು ಚಹಾ ಕಪ್ಪಿನ ಚಿತ್ರ ತೋರಿಸಿದ್ದೇ ತಡ, ಅಜ್ಜನಿಗಿಂತ ಮೊದಲು ಕೆಂಚವ್ವ "ಕಪ್ಪು" ಎಂದುಬಿಟ್ಟಿದ್ದಳು.

"ನೀನು ಹೇಳಿದರೆ ಅಜ್ಜನ ಮಾತು ಒಳಗೇ ಉಳಿದುಬಿಡುತ್ತೆ ಪುಟ್ಟಿ. ಕಾಯಬೇಕು," ಎಂದಿದ್ದರು ಅಕ್ಕೋರು.

ಅವರೂ ಕಾಯುತ್ತಿದ್ದರು. ಒಂದು ಮಾತಿಗೆ ಐದೈದು ನಿಮಿಷ. ಅಜ್ಜ ಸಿಟ್ಟಿನಿಂದ ಚಿತ್ರ ಎಸೆದರೂ ಹೆಕ್ಕಿ ತಂದು, ನಗುತ್ತಲೇ ಮತ್ತೆ ತೋರಿಸುತ್ತಿದ್ದರು. ಕೆಂಚವ್ವನ ಸಾಲಿಯ ಗುರುಗಳಾಗಿದ್ದರೆ ಅಷ್ಟೊತ್ತಿಗೆ ಎರಡು ಬಿಗಿದಿರುತ್ತಿದ್ದರು. ಇಂಥ ತಾಳ್ಮೆಯನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಇವತ್ತು ಕೊನೆಯ ದಿನ. ಅಕ್ಕೋರಿಗೆ ಕಲಿಸುವ ದೊಡ್ಡ ಮೇಡಮ್ಮು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಊರಿನ ಐದು ಜನರಿಗೆ ಮಾತ್ರ ಇನ್ನು ಅಥಣಿಯಲ್ಲಿ ವಾರವಾರ ಪಾಠ. ಮಾತು ಬರುವ ಲಕ್ಷಣ ಕಂಡವರಿಗೇ ಆ ಅವಕಾಶ.

"ಒಂದು ಅನ್ನಿ," ಎಂದರು ಅಕ್ಕೋರು ಮತ್ತೊಮ್ಮೆ. ಅವರ ದನಿ ಸಣ್ಣಗಾಗಿತ್ತು.

"ಲಾಭ."

ಇನ್ನೊಂದು ತಪ್ಪು ಗುರುತು ಬಿತ್ತು. ಕೆಂಚವ್ವ ಒಳಗೆ ಓಡಿದಳು. ಜೋಳದ ಬುಟ್ಟಿ, ಖಾಲಿ ಬುಟ್ಟಿ, ಅಳೆಯುವ ಹಿತ್ತಾಳೆ ಸೇರು ತಂದು ತುಟಿಪಿಟಕ್ಕೆನ್ನದೆ ಅಜ್ಜನ ಮುಂದಿಟ್ಟಳು.

ಅಜ್ಜ ಸೇರನ್ನು ನೋಡಿದ. ಎಡಗೈಯಿಂದ ಜೋಳ ತುಂಬಿ ಖಾಲಿ ಬುಟ್ಟಿಗೆ ಸುರಿದ.

"ಲಾಭ," ಎಂದ. ಮತ್ತೆ ತುಂಬಿದ. "ಎರಡ." ಮತ್ತೆ ತುಂಬಿದ. "ಮೂರ." ಒಂದಿಷ್ಟು ಜೋಳ ಚೆಲ್ಲಿತು. ಆದರೂ ಎಣಿಕೆ ನಿಲ್ಲಲಿಲ್ಲ. "ನಾಕ... ಐದ... ಆರ..." ಎನ್ನುತ್ತ ಹತ್ತಕ್ಕೆ ಬಂದು ನಿಂತ.

ಅಕ್ಕೋರು ಪೆನ್ಸಿಲ್ ಕೆಳಗಿಟ್ಟು ಬುಟ್ಟಿಯ ಕಡೆ ಬಗ್ಗಿದರು.

ಎಣಿಕೆ ಕೇಳಿ ಒಳಗಿನಿಂದ ಬಂದ ಅಜ್ಜಿ ಸಕ್ಕುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ರಾಶಿ ಅಳೀವಾಗ ನಾವು ಒಂದ್ ಅನ್ನೂದಿಲ್ರಿ. ಮೊದಲ್ನೇ ಸೇರಿಗೆ ಲಾಭ ಅಂತೀವ್ರಿ. ನಲವತ್ತ ವರ್ಷ ಊರಾಗಿನ ರಾಶಿ ಎಲ್ಲಾ ಇವ್ರ ಅಳದಾರ್ರಿ."

"ತಪ್ಪು ಅಜ್ಜನದಲ್ಲ, ನನ್ನದು," ಎನ್ನುತ್ತ ಅಕ್ಕೋರು ರಬ್ಬರಿಗಾಗಿ ಚೀಲ ತಡಕಾಡಿದರು.

"ಅಳಿಸಬೇಡ," ಎಂದರು ದೊಡ್ಡ ಮೇಡಮ್ಮು. "ತಪ್ಪು ಯಾಕಾಯಿತು ಅಂತ ಪಕ್ಕದಲ್ಲೇ ಬರೆ. ನಿನ್ನ ಹಿಂದೆ ಕಲಿಯಲು ಬರುವವರೂ ಓದಲಿ. ಅಜ್ಜನ ಹೆಸರನ್ನು ಅಥಣಿ ಪಟ್ಟಿಗೆ ಸೇರಿಸು."

ಅಕ್ಕೋರು ಎಲ್ಲ ಬರೆದರು. ಆಮೇಲೆ ತಾವೇ ಸೇರು ಹಿಡಿದು ಜೋಳ ಸುರಿದು, ಬೇಕೆಂದೇ "ಒಂದು" ಎಂದರು. ಅಜ್ಜ ತಲೆಯಾಡಿಸಿ "ಲಾಭ" ಎಂದು ತಿದ್ದಿದ. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಸಂಜೆ ಊಟಕ್ಕೆ ಕುಳಿತಾಗ ಅಜ್ಜ ಕೆಂಚವ್ವನ ಕಡೆ ತಿರುಗಿದ. "ಕೆ... ಕೆ..." ಎಂದ. ಕುತ್ತಿಗೆಯ ನರ ಉಬ್ಬಿತು.

"ಏನ ಬೇಕಾಗೇತಿ? ನೀರೇನು?" ಎಂದಳು ಅಜ್ಜಿ.

ಕೆಂಚವ್ವ ಮೆಲ್ಲಗೆ ಅಜ್ಜಿಯ ಕೈ ಹಿಡಿದಳು. "ತಡಿ ಬೇ, ಅಜ್ಜಿ. ಅಜ್ಜಾನ ಹೇಳ್ತಾನ."

ತಾಟಿನಲ್ಲಿದ್ದ ರೊಟ್ಟಿ ಆರಿತು. ಹಿತ್ತಲಲ್ಲಿ ಎಮ್ಮೆ ಎರಡು ಸಲ ಕೂಗಿತು. ಯಾವ ಮಾತು ಬರುತ್ತಿದೆ ಎಂದು ಕೆಂಚವ್ವನಿಗೆ ಗೊತ್ತಿತ್ತು. ಆದರೂ ಅಕ್ಕೋರ ಹಾಗೆ ಅಜ್ಜನ ಮುಖವನ್ನೇ ನೋಡುತ್ತ ಕಾದಳು.

"ಕೆಂ... ಚೀ."

"ಓ ಅಜ್ಜಾ," ಎಂದಳು ಕೆಂಚವ್ವ.