ಕೆಳಗಲ್ಲಿನ ಮೇಲೆ ಒಂದು ಹಿಡಿ ಜೋಳ

ಜನವರಿ 22, ಗುರುವಾರ. ಬೆಳಿಗ್ಗೆ ಹತ್ತೂಕಾಲಿಗೆ ಬೀದರಿನ ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಪ್ರವೀಣಕುಮಾರ ಎರಡು ಸಲ ಓದಿಸಿ ಕೇಳಿದರು. ಮೊದಲ ಸಲ, ಕೇಳಿದ್ದು ಸರಿಯೇ ಎಂಬ ಅನುಮಾನಕ್ಕೆ. ಎರಡನೇ ಸಲ, ನಿಜ ಹೇಳಬೇಕೆಂದರೆ, ಕುತೂಹಲಕ್ಕೆ. ಕಳುವಾದದ್ದು ಒಂದು ಬೀಸುಕಲ್ಲು. ಅದೂ ಇಡೀ ಬೀಸುಕಲ್ಲಲ್ಲ, ತಿರುಗುವ ಮೇಲಿನ ಕಲ್ಲು ಮಾತ್ರ. ಕೆಳಗಿನದನ್ನು ಕಳ್ಳ ಅಲ್ಲೇ ಬಿಟ್ಟು ಹೋಗಿದ್ದ.

ದೂರು ತಂದವರು ಡಾ. ಉಮಾಶ್ರೀ. ವಿಶ್ವವಿದ್ಯಾಲಯದಲ್ಲಿ ಜಾನಪದ ಕಲಿಸುವವರು. ಶನಿವಾರದಿಂದ ಮೂರು ದಿನ ಕ್ಯಾಂಪಸ್ಸಿನಲ್ಲಿ ನಡೆಯಲಿದ್ದ ಕಲಾ ಉತ್ಸವದ ಸಂಚಾಲಕಿ. ನಾಟಕ, ಚಿತ್ರ, ವಚನ ಗಾಯನ, ಬೀದಿನಾಟಕ ಎಲ್ಲಕ್ಕೂ ಅವರೇ ಓಡಾಡಬೇಕು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು.

"ಕಿಮ್ಮತ್ತು ಎಷ್ಟಂತ ಬರೀಲಿರಿ ಮೇಡಂ?" ಹೆಡ್ ಕಾನ್‌ಸ್ಟೆಬಲ್ ಗುಂಡಮ್ಮ ಪೆನ್ನು ಎತ್ತಿ ಕೇಳಿದರು.

"ಕಿಮ್ಮತ್ತು ಹ್ಯಾಂಗ ಕಟ್ಟಲಿರಿ? ಉತ್ಸವ ಶುರುವಾಗೋದೇ ಅದರ ಮ್ಯಾಲ. ಶೇವಂತಾಬಾಯಿ ಅಂತ ಮೆಹಕರದಾಕಿ, ಬೀಸಕೋತ ಹಾಡ್ತಾಳ. ಕಾರ್ಡಿನ ಮ್ಯಾಲ ಆ ಕಲ್ಲಿನ ಫೋಟೋನೇ ಹಾಕೀವಿ."

"ಬ್ಯಾರೆ ಕಲ್ಲ ತಂದ್ರ ಆಯ್ತಲ್ರಿ," ಎಂದ ಕಾನ್‌ಸ್ಟೆಬಲ್ ರವಿಕಿರಣ. "ನಮ್ಮ ಹಿತ್ತಲದಾಗ ಒಂದು ಬಿದ್ದದ. ನಮ್ಮವ್ವ ಅದರಾಗ ಕೋಳಿಗಿ ನೀರ ಇಡ್ತಾಳ."

"ಇನ್ನೊಬ್ಬರ ಕಲ್ಲಿನ ಮುಂದ ಆಕಿ ಕೂಡಂಗಿಲ್ಲಪ್ಪ. ನನ್ನ ಕಲ್ಲ ನನ್ನ ರಾಗಕ್ಕ ತಿರಗ್ತದ ಅಂತಾಳ."

ದಾಸ್ತಾನು ಇಟ್ಟ ಕಟ್ಟಡದೊಳಗಿನ ಕಳವು ಎಂದು FIR ದಾಖಲಾಯಿತು. ಕಿಮ್ಮತ್ತಿನ ಜಾಗದಲ್ಲಿ ಗುಂಡಮ್ಮ ಮುನ್ನೂರು ರೂಪಾಯಿ ಎಂದು ಬರೆದರು. ಉಮಾಶ್ರೀ ಅದನ್ನು ನೋಡಿ ಸಹಿ ಹಾಕಿದರು.

ಸ್ಥಳ ಪಂಚನಾಮೆ ಹನ್ನೊಂದೂವರೆಗೆ ಶುರುವಾಯಿತು. ಕ್ಯಾಂಪಸ್ಸಿನ ಸಭಾಂಗಣದಲ್ಲಿ ಹುಡುಗಿಯರು ಕಾಗದದ ತೋರಣ ಕಟ್ಟುತ್ತಿದ್ದರು; ಒಬ್ಬ ಮೈಕಿನಲ್ಲಿ "ಹಲೋ, ಹಲೋ" ಎನ್ನುತ್ತಿದ್ದವನು ಪೊಲೀಸರನ್ನು ಕಂಡು "ನಮಸ್ಕಾರ" ಎಂದು ಅದನ್ನೂ ಮೈಕಿನಲ್ಲೇ ಹೇಳಿದ. ವೇದಿಕೆಯ ನಡುವೆ ಕೆಂಪು ಕಾರ್ಪೆಟ್, ಅದರ ಮೇಲೆ ಒಂಟಿ ಕೆಳಗಲ್ಲು, ನಡುವೆ ಗೂಟ. ಕೀಲಿ ಮುರಿದಿರಲಿಲ್ಲ. ಕಲ್ಲನ್ನು ಎಳೆದ ಗುರುತೂ ಇಲ್ಲ, ಎತ್ತಿಕೊಂಡೇ ಹೋಗಿದ್ದಾರೆ.

ಪ್ರವೀಣಕುಮಾರ ಕುಕ್ಕರಗಾಲಲ್ಲಿ ಕೂತು ನೋಡಿದರು. ಗೂಟದ ಸುತ್ತ ಒಂದು ಹಿಡಿಯಷ್ಟು ಬಿಳಿಜೋಳ. ಚೆಲ್ಲಿದ ಹಾಗಿರಲಿಲ್ಲ, ಇಟ್ಟ ಹಾಗಿತ್ತು.

"ಇದು ನಿಮ್ಮದೇನು?"

"ಇಲ್ಲರಿ," ಎಂದರು ಉಮಾಶ್ರೀ. "ಕಾರ್ಪೆಟ್ ಬಾಡಿಗಿದು. ಹಿಟ್ಟ ಬಿದ್ರ ದಂಡ ಹಾಕ್ತಾರ. ಅದಕ್ಕ ಕಾಳು ತರಬ್ಯಾಡ್ರಿ ಅಂತ ಮೊದಲೇ ಹೇಳೀನಿ. ನಿನ್ನೆ ರಿಹರ್ಸಲ್ಲಿಗೂ ಹುಡುಗ್ಯಾರು ಸುಮ್ಮ ಖಾಲಿ ತಿರುವಿದ್ರು. ವಿಡಿಯೋನೂ ಹಾಕೀವಿ."

"ಇಲಿಗಿ ಯಾರೋ ಹಾಕ್ಯಾರ ಬಿಡ್ರಿ ಸರ್," ಎಂದ ರವಿಕಿರಣ.

"ಇಲಿ ಇಷ್ಟೊತ್ತು ಬಿಡ್ತಿತ್ತೇನೋ? ನಿನ್ನಂಗ ಡಯಟ್ ಮಾಡ್ತದೇನು?" ಎಂದರು ಗುಂಡಮ್ಮ. ಜೋಳವನ್ನು ಕಾಗದದ ಪೊಟ್ಟಣಕ್ಕೆ ಹಾಕಿ ಸೀಲು ಮಾಡಿದರು.

ಪಂಚನಾಮೆಗೆ ಸಹಿ ಹಾಕಿದ ಇಬ್ಬರಲ್ಲಿ ಒಬ್ಬ ಉತ್ತಮ. ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ, ಮೂವತ್ತರ ಆಸುಪಾಸು; ಶೇವಂತಾಬಾಯಿಯ ಮಗ. ಊರಿಂದ ಕಲ್ಲನ್ನು ಹೊತ್ತು ತಂದು, ಸಹಿ ಮಾಡಿ ಕೊಟ್ಟವನೂ ಅವನೇ. ಉತ್ಸವದಲ್ಲಿ ಮೂಢನಂಬಿಕೆಯ ವಿರುದ್ಧ ಅವನ ಹುಡುಗರ ಬೀದಿನಾಟಕವಿತ್ತು. ನಿಂಬೆಹಣ್ಣು, ಬೆಕ್ಕು, ಅಮಾವಾಸ್ಯೆ ಎಲ್ಲವನ್ನೂ ನಗೆಪಾಟಲು ಮಾಡುವ ನಾಟಕ ಎಂದು ಕ್ಯಾಂಪಸ್ಸಿನಲ್ಲಿ ಹೆಸರಾಗಿತ್ತು.

"ನಿಮ್ಮವ್ವಂಗ ಹೇಳೀರೇನು?"

"ಇನ್ನ ಇಲ್ಲ ಸರ್. ಮನ್ಯಾಗ ಸ್ವಲ್ಪ…" ಅಷ್ಟರಲ್ಲಿ ಫೋನು ಬಂತು. ಅವನು ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದ: "ಗುಳಿಗಿ ತಗೊಂಡಿ? ಎದ್ದು ಅಡ್ಡಾಡಬ್ಯಾಡ."

"ಮನಿಯಾಕಿ ಏಳು ತಿಂಗಳ ಬಸುರಿ," ಎಂದು ಉಮಾಶ್ರೀ ದನಿ ತಗ್ಗಿಸಿದರು. "ಮೊದಲು ಎರಡು ಸಲ ಹೋಗ್ಯಾವ, ಪಾಪ."

ಕೀಲಿ ಇರುತ್ತಿದ್ದದ್ದು ಕಾವಲುಗಾರ ಹಾವಗೆಪ್ಪನ ಕೋಣೆಯ ಮೊಳೆಗೆ. ಕಮಠಾಣದ ಮನುಷ್ಯ, ಕೊರಳಲ್ಲಿ ಲಿಂಗ, ಬಾಯಲ್ಲಿ ಎಲೆಯಡಿಕೆ.

"ನಿನ್ನೆ ಸಂಜಿ ಕೀಲಿ ಯಾರ್ಯಾರು ಒಯ್ದರು?"

"ಯಾರ್ ಒಯ್ದಿಲ್ಲ ಕೇಳ್ರಿ ಸಾಹೇಬ್ರ. ನಾಟಕದ ಹುಡುಗ್ರು, ಸ್ಪೀಕರಿನವ್ರು, ಉತ್ತಮ ಸರು, ಹೂವಿನವ್ರು. ಎಲ್ಲಾರೂ ನಮ್ಮವ್ರೇ."

"ಹೊರಗಿನವರು?"

ಹಾವಗೆಪ್ಪ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ. "ಔರಾದಿನ ಅಬ್ದುಲ ಸಮದ ಅಂತ, ಹಳೇ ಸಾಮಾನು ತಗೋತಾನ. ಮಂಗಳವಾರ ಬಂದು ಆ ಕಲ್ಲ ಮುಟ್ಟಿ ಮುಟ್ಟಿ ನೋಡಿ ಹೋದ. ಹೆಣ್ಣ ನೋಡಾಕ ಬಂದವ್ರಂಗ."

ಮಧ್ಯಾಹ್ನ ಮೂರಕ್ಕೆ ಜೀಪು ಔರಾದ ಸೇರಿತು. ಅಬ್ದುಲ ಸಮದನ ಅಂಗಡಿಯ ಮುಂದೆ ಕಲ್ಲಿನ ದೋಣಿಗಳು, ಒರಳು, ಹಳೇ ಬಾಗಿಲು. ಬೀಸುಕಲ್ಲುಗಳೂ ಇದ್ದವು, ಎಲ್ಲವೂ ಜೋಡಿ. ಧಾಬಾ, ಫಾರ್ಮ್‌ಹೌಸಿನವರು ಅಂಗಳಕ್ಕೆ ಒಯ್ಯುತ್ತಾರಂತೆ. ಸಮದ ಪೊಲೀಸರಿಗೆ ಕುರ್ಚಿ ಕೊಟ್ಟು ತಾನು ಒರಳಿನ ಮೇಲೆ ಕೂತ.

"ವಿಶ್ವವಿದ್ಯಾಲಯದ ಕಲ್ಲ ನೋಡಿದ್ದಿ?"

"ನೋಡಿದ್ದೆ ಸಾಬ್. ಬಹುತ್ ಖೂಬ್. ಮಾರ್ತೀರೇನು ಅಂತ ಕೇಳ್ದೆ. ಮೇಡಂ ಹಂಗ ದಿಟ್ಟಿಸಿ ನೋಡಿದ್ರು, ಚಾ ಕೂಡ ಕುಡೀಲಿಲ್ಲ, ಬಂದೆ."

"ಬುಧವಾರ ಎಲ್ಲಿದ್ದಿ?"

"ಬೀಗರ ಮನಿ ಶಾದಿ. ಚಿಂತಾಕಿ. ಐನೂರು ಮಂದಿ ನೋಡ್ಯಾರ, ಬಿರಿಯಾನಿ ಬಡ್ಸಿದ್ದೇ ನಾನು. ಯಾಕ, ಕಲ್ಲ ಹೋಯ್ತೇನ್ರಿ?"

"ಮ್ಯಾಲಿಂದು ಹೋಗ್ಯಾದ."

ಸಮದ ನಕ್ಕುಬಿಟ್ಟ. "ಮ್ಯಾಲಿಂದು ಅಷ್ಟೇ? ತೋಬಾ. ಸಾಬ್, ಒಂದೇ ಚಪ್ಪಲ್ ಕದಿಯೋ ಕಳ್ಳನ್ನ ನೋಡೀರೇನು? ಅಂವಗ ಚಪ್ಪಲ್ ಬೇಕಾಗಿಲ್ಲ. ಚಪ್ಪಲ್ ಇದ್ದಾಂವ ನಡೀಬಾರದು, ಅಷ್ಟೇ."

ಮದುವೆ ಮನೆಗೆ ಫೋನು ಮಾಡಿ ಸಮದನ ಮಾತನ್ನು ಖಚಿತ ಮಾಡಿಕೊಂಡು ಹೊರಟರು. ಸಂತಪುರ ದಾಟಿದ ಮೇಲೆ ಪ್ರವೀಣಕುಮಾರ ಕೇಳಿದರು: "ಗುಂಡಮ್ಮ, ನಿಮ್ಮನ್ಯಾಗ ಬೀಸೋಕಲ್ಲ ಇತ್ತೇನು?"

"ಇತ್ರಿ ಸರ್. ಖಾಲಿ ತಿರುವಿದ್ರ ನಮ್ಮಾಯಿ ಕೈ ಮ್ಯಾಲ ಹೊಡೀತಿದ್ಲು. ಖಾಲಿ ಕಲ್ಲ ಮನಿ ಕೂಸಿನ್ನ ಬೀಸ್ತದ ಅಂತಿದ್ಲು."

"ನಮ್ಮನ್ಯಾಗೂ ಹಂಗೇ ಅಂತಿದ್ರು. ಈಗ ನೆನಪಾತು." ಪ್ರವೀಣಕುಮಾರ ಒಂದೊಂದೇ ಬೆರಳು ಮಡಚಿದರು. "ಬುಧವಾರ ಖಾಲಿ ತಿರುವ್ಯಾರ. ಶನಿವಾರ ಮತ್ತ ಖಾಲಿ ತಿರುವೋರು ಇದ್ರು. ಯಾರೋ ಒಬ್ಬರಿಗಿ ಅದು ಆಗಬಾರದಿತ್ತು. ಮ್ಯಾಲಿಂದು ಒಯ್ದರು. ಕೆಳಗಿಂದನ್ನ ಬರಿಗಲ್ಲ ಬಿಡಾಕೂ ಮನಸ್ಸಾಗ್ಲಿಲ್ಲ."

"ಹಂಗಾರ ಮುದುಕಿನೇ ಸರ್!" ಎಂದ ರವಿಕಿರಣ. "ಆಕಿ ಕಲ್ಲು, ಆಕಿ ಸೊಸಿ ಬಸುರಿ."

"ಎಪ್ಪತ್ತು ವರ್ಷದ ಮುದುಕಿ ಮೆಹಕರದಿಂದ ಬಂದು, ಅಷ್ಟು ಭಾರದ ಕಲ್ಲ ಎತ್ತಿಕೊಂಡು ಬಸ್ಸು ಹತ್ತಿದ್ಲೇನು?" ಎಂದರು ಗುಂಡಮ್ಮ. "ಟಿಕೇಟ್ ಎರಡು ತಗೊಂಡಿರಬೇಕು."

ಆದರೂ ನೋಡಿಯೇ ಬರೋಣವೆಂದು ಶುಕ್ರವಾರ ಬೆಳಿಗ್ಗೆ ಹೊರಟರು. ಭಾಲ್ಕಿಯಲ್ಲಿ ಚಹಾ ಕುಡಿದು ಮೆಹಕರ ತಲುಪಿದಾಗ ಹತ್ತು ಗಂಟೆ. ಪಡಸಾಲೆಯ ಗೋಡೆಗೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ, ಎರಡಕ್ಕೂ ಅಂದೇ ಹಾಕಿದ ಚೆಂಡುಹೂವು. ಶೇವಂತಾಬಾಯಿ ಕಾಸೆ ಸೀರೆಯ ಗಟ್ಟಿ ಮುದುಕಿ. ಸೊಸೆ ಪೂನಮ ಮಂಚದ ಮೇಲೆ ಗೋಡೆಗೆ ಒರಗಿದ್ದಳು, ಒಂದು ಕೈ ಹೊಟ್ಟೆಯ ಮೇಲೆ.

"ಕಲ್ಲ ಕಳುವಾಯ್ತೇನ್ರಿ?" ಮುದುಕಿ ನಿಜವಾಗಿ ಬೆರಗಾದಳು. "ಅಯ್ಯ ನನ್ನಪ್ಪ, ಈಗಿನ ಕಳ್ಳರು ಅಡಗಿ ಮಾಡ್ಕೊಂಡೂ ತಿಂತಾರೇನು?"

"ರಿಹರ್ಸಲ್ಲಿನಾಗ ಅದನ್ನ ಖಾಲಿ ತಿರುವ್ಯಾರಂತ. ನಿಮಗ ಸಿಟ್ಟು ಬರ್ಲಿಲ್ಲೇನು?"

"ತಿರುವಲಿ ಬಿಡ್ರಿ, ಹುಡುಗ್ಯಾರು. ಕಲ್ಲೇನು ಅಳ್ತದ?"

ರವಿಕಿರಣನ ಮುಖ ಸಣ್ಣದಾಯಿತು. ಆದರೆ ಪೂನಮ ಕಣ್ಣು ತಗ್ಗಿಸಿದ್ದನ್ನು ಪ್ರವೀಣಕುಮಾರ ನೋಡಿದರು.

"ವಿಡಿಯೋ ನೀವು ನೋಡಿದ್ರೇನಮ್ಮ?"

"ಹೂಂರಿ. ನಮ್ಮ ಮನಿಯವ್ರೇ ಕಳ್ಸಿದ್ರು, ಅವ್ವನ ಕಲ್ಲ ನೋಡು ಅಂತ. ಅರ್ಧ ತಾಸಿಗಿ ಅಳಸಿಹಾಕಿದ್ರು. ಬುಧವಾರ ಅಕಸ್ಮಾತ್ ಊರಿಗಿ ಬಂದ್ರು. ಊಟನೇ ಮಾಡ್ಲಿಲ್ಲ. ಬೆಳಕ ಹರಿಯೋದ್ರಾಗ ಹೊಂಟು ಹೋದ್ರು."

"ಏನು ತಂದಿದ್ರು?"

"ನಾ ಒಳಗ ಮಲಗಿದ್ದೆರಿ."

"ಮಾತು ಆಮ್ಯಾಲ," ಎಂದಳು ಶೇವಂತಾಬಾಯಿ. "ಹೊತ್ತಾಗ್ಯಾದ. ಎರಡು ರೊಟ್ಟಿ ತಿಂದು ಹೋಗ್ರಿ. ಪೊಲೀಸರು ಉಪಾಸ ಹೋದ್ರಂತ ಓಣ್ಯಾಗ ನನಗ ಹೆಸರಿಡ್ತಾರ. ಹಿಟ್ಟ ಮುಗಿದದ, ಜರಾ ಗಿರಣಿಗಿ ಕಳಸ್ತೇನಿ." ಮೂಲೆಯ ಜೋಳದ ಡ್ರಮ್ಮಿನ ಮುಚ್ಚಳ ತೆಗೆದು ಮೊರವನ್ನು ಒಳಗೆ ತೂರಿಸಿದಳು. ಟಕ್ ಎಂದಿತು. ಇನ್ನೊಮ್ಮೆ ತೂರಿಸಿದಳು. ಮತ್ತೆ ಟಕ್. ತೋಳಿನವರೆಗೆ ಕೈ ಇಳಿಸಿದ ಮುದುಕಿ ಹಾಗೇ ನಿಂತಳು.

"ಸಾಹೇಬ್ರ," ಎಂದಳು, ತಿರುಗದೆ. "ಕಳುವಾದದ್ದು ನಮ್ಮ ಮನ್ಯಾಗೇ ಅದ."

ಜೋಳದ ನಡುವೆ ಹೂತಿಟ್ಟ ಮೇಲ್ಗಲ್ಲನ್ನು ಪಂಚರ ಎದುರು ಹೊರತೆಗೆದರು. ಅದರ ಬಾಯಲ್ಲೂ ಕಾಳು ತುಂಬಿತ್ತು. ರವಿಕಿರಣ ಗುಂಡಮ್ಮನ ಕಿವಿಯಲ್ಲಿ ಕೇಳಿದ: "ತನ್ನ ಮನಿ ಕಲ್ಲ ತಾನೇ ಒಯ್ದ್ರ ಕಳವು ಹ್ಯಾಂಗ ಆಗ್ತದ್ರಿ ಅಕ್ಕಾ?"

"ಸಹಿ ಮಾಡಿ ವಿಶ್ವವಿದ್ಯಾಲಯಕ್ಕ ಕೊಟ್ಟ ಮ್ಯಾಲ ಕಬ್ಜಾ ಅವರದೋ. ಸುಮ್ಮ ಬರಿ."

ಉತ್ತಮನನ್ನು ಕರೆಸಿದರು. ಮಧ್ಯಾಹ್ನ ಒಂದರ ಹೊತ್ತಿಗೆ ಬೈಕಿನಲ್ಲಿ ಬಂದವನು ಪಡಸಾಲೆಯಲ್ಲಿಟ್ಟ ಕಲ್ಲು ನೋಡಿ ಹೊಸ್ತಿಲಲ್ಲೇ ನಿಂತ.

"ನೀವೇ ಒಯ್ದದ್ದು?"

"ಹೌದು ಸರ್."

"ಬೈಕಿನ ಮ್ಯಾಲ?"

"ಚೀಲದಾಗ ಹಾಕಿ, ಹಿಂದ ಕಟ್ಟಿ."

"ಖಾಲಿ ತಿರುವಬ್ಯಾಡ್ರಿ ಅಂತ ಮೇಡಂಗ ಒಂದು ಮಾತು ಹೇಳಿದ್ರ ಮುಗೀತಿತ್ತು."

"ಯಾವ ಬಾಯಿಲೆ ಹೇಳ್ಲಿ ಸರ್? ನಾಳಿ ನಾಟಕದಾಗ ನಮ್ಮ ಹುಡುಗ್ರು ಇಂಥಾದ್ದನ್ನೇ ಆಡ್ಕೊಂಡು ನಗ್ತಾರ. ಬರೆದುಕೊಟ್ಟಾಂವ ನಾನೇ."

"ಇದನ್ನ ನಂಬ್ತೀರೇನು ನೀವು?"

"ಇಲ್ಲ ಸರ್."

"ಮತ್ತ ಅಲ್ಲಿ ಒಂದು ಹಿಡಿ ಜೋಳ ಯಾರಿಟ್ರು?"

ಉತ್ತಮ ತನ್ನ ಬಲಗೈ ನೋಡಿಕೊಂಡ. "ಈ ಕೈ ಇಡ್ತು ಸರ್. ನಾ ಇಡ್ಲಿಲ್ಲ." ಮಂಚದ ಕಡೆ ನೋಡಿ ಹೇಳಿದ, "ಡಾಕ್ಟರು ಎಲ್ಲಾ ಸರಿ ಅದ ಅಂತಾರ. ಮೊದಲಿನ ಎರಡು ಸಲನೂ ಹಂಗೇ ಅಂದಿದ್ರು."

ಪೂನಮ ಮಂಚದಿಂದ ಏಳಹೋದಳು. ಶೇವಂತಾಬಾಯಿ ಅವಳ ಭುಜ ಅದುಮಿ ಕೂರಿಸಿ ಮಗನ ಮುಂದೆ ಹೋಗಿ ನಿಂತಳು.

"ಖಾಲಿ ತಿರುವಬಾರದಂತ ಯಾರು ಹೇಳ್ಯಾರೋ ನಿನಗ, ಇಷ್ಟ ಓದಿದಾಂವಗ?"

"ನೀನೇ ಹೇಳಿದ್ದಿ ಅವ್ವಾ."

"ನಿನ್ನ ಬೆರಳ ಜಜ್ಜಬಾರದಂತ ಹೇಳಿದ್ದೆ, ಖೋಡಿ! ಸುಮ್ಮ ಕೂಡು ಅಂದ್ರ ನೀ ಕೂಡ್ತಿದ್ದಿಲ್ಲ." ಮುದುಕಿಯ ದನಿ ಏರಿ, ಮತ್ತೆ ಇಳಿಯಿತು. "ನೀ ಹೊಟ್ಯಾಗಿದ್ದಾಗ ಮನ್ಯಾಗ ಒಂದು ಕಾಳು ಇದ್ದಿಲ್ಲ. ಬೆಳಗ ಮುಂಜಾನಿ ಎದ್ದು ಖಾಲಿ ಕಲ್ಲೇ ತಿರುವಿ ಹಾಡ್ತಿದ್ದೆ. ಬಾಜೂ ಮನಿ ಶಾಲುಬಾಯಿಗಿ ಸಪ್ಪಳ ಕೇಳಬೇಕು, ಇವರ ಮನ್ಯಾಗೂ ಹಿಟ್ಟ ಆಗ್ತದ ಅನಬೇಕು ಅಂತ. ಎಷ್ಟು ದಿನ ತಿರುವೀನೋ ಲೆಕ್ಕ ಇಲ್ಲ. ನೋಡು, ನೀ ನನ್ನ ಮುಂದ ಬಡಿಗಿ ಹಂಗ ನಿಂತೀದಿ."

ಯಾರೂ ರೊಟ್ಟಿಯನ್ನು ನೆನಪಿಸಲಿಲ್ಲ.

ಒಂದೂವರೆಗೆ ಉತ್ತಮನನ್ನು ದಸ್ತಗಿರಿ ಮಾಡಿ, ಕಾರಣವನ್ನು ತಾಯಿಗೂ ಹೆಂಡತಿಗೂ ಓದಿ ಹೇಳಿದರು. ಸಂಜೆ ಬೀದರಿನ ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ ಉಮಾಶ್ರೀಯವರೇ ಜಾಮೀನಿಗೆ ನಿಂತರು. ಕಲ್ಲನ್ನು ಉತ್ಸವಕ್ಕೆ ಒಯ್ಯಲು ಮುಚ್ಚಳಿಕೆಯ ಮೇಲೆ ಅನುಮತಿ ಸಿಕ್ಕಿತು. ಪೊಟ್ಟಣದ ಜೋಳ ಮಾತ್ರ ಸಾಕ್ಷಿಯ ಮುದ್ದೆಮಾಲಾಗಿ ಠಾಣೆಯಲ್ಲೇ ಉಳಿಯಿತು. ಪ್ರವೀಣಕುಮಾರ ಅಂದಿನ ವರದಿಯಲ್ಲಿ ಉದ್ದೇಶದ ಎದುರು "ಲಾಭ" ಎಂದು ಬರೆದು ಹೊಡೆದು ಹಾಕಿದರು. ಬಹಳ ಹೊತ್ತು ಯೋಚಿಸಿ "ಹೆದರಿಕೆ" ಎಂದು ಬರೆದರು.

ಶನಿವಾರ ಸಂಜೆ ಬಂದೋಬಸ್ತಿಗೆ ಅವರೇ ಹೋದರು. ಸಭಾಂಗಣ ತುಂಬಿತ್ತು. ಉಮಾಶ್ರೀ ಕಾರ್ಪೆಟ್ ಮೇಲೆ ಹಳೇ ಧೋತರ ಹಾಸಿ, ಮೊರದ ತುಂಬ ಜೋಳ ಇಟ್ಟಿದ್ದರು. "ದಂಡ ನಾ ಕಟ್ತೇನಿ, ಬೀಸು ಅವ್ವಾ," ಎಂದರು. ಶೇವಂತಾಬಾಯಿ ಮೊರವನ್ನು ಬದಿಗೆ ಸರಿಸಿದಳು. ಖಾಲಿ ಕಲ್ಲಿನ ಹಿಡಿಗೂಟಕ್ಕೆ ಕೈ ಹಾಕಿ, ಎದುರು ಸಾಲಿನಲ್ಲಿ ಕೂತ ಸೊಸೆಯ ಕಡೆ ಒಮ್ಮೆ ನೋಡಿ, ತಿರುವಿದಳು. ಕಲ್ಲು ಗುಡುಗುಟ್ಟಿತು. ಅದರ ಮೇಲೆ ಅವಳ ದನಿ ಎದ್ದಿತು. ಪೂನಮ ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಹಾಡು ಮುಗಿದಾಗ ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಕೊನೆಯ ಸಾಲಿನ ಕಂಬದ ಬಳಿ ನಿಂತ ಉತ್ತಮ ಮಾತ್ರ ತಟ್ಟಲಿಲ್ಲ. ಕಣ್ಣಲ್ಲಿ ನೀರಿತ್ತು, ಎಡಗೈ ಸುಮ್ಮನೆ ಜೋತಿತ್ತು. ಬಲಗೈ ಮುಷ್ಟಿ ಕಟ್ಟಿತ್ತು.

"ಸರ್," ಎಂದ ರವಿಕಿರಣ, "ಅಂವ ಕೈಯಾಗ ಏನೋ ಹಿಡಕೊಂಡಾನ."

ಪ್ರವೀಣಕುಮಾರ ನೋಡಿದರು. ಮುಷ್ಟಿಯ ಸಂದಿನಿಂದ ಒಂದೆರಡು ಬಿಳಿ ಕಾಳು ಜಾರಿ ನೆಲಕ್ಕೆ ಬಿದ್ದವು.

"ಇರ್ಲಿ ಬಿಡು," ಎಂದರು. "ಅದು ಅಂವಂದೇ."